ಸ್ವಂತ ಮಾತಿನ ನಮೂನೆ

ನಮ್ಮ ಕಚೇರಿಯಲ್ಲಿ ನಾಲ್ಕು ವಿಭಾಗಗಳಿವೆ ಎಂದು ವೆಬ್‌ಸೈಟಿನಲ್ಲಿ ಬರೆದಿದೆ. ಬರೆದವಳು ನಾನೇ ಆದ್ದರಿಂದ ಆ ಮಾತಿನಲ್ಲಿ ಹುರುಳೆಷ್ಟು ಎನ್ನುವುದೂ ನನಗೇ ಗೊತ್ತು. ಆಸ್ತಿ ವಿಭಾಗ ಎಂದರೆ ಕಿಟಕಿ ಪಕ್ಕದ ಕಬ್ಬಿಣದ ಬೀರು. ಕಾರ್ಮಿಕ ವಿಭಾಗ ಅದರ ಪಕ್ಕದ ಇನ್ನೊಂದು ಬೀರು; ಅದರ ಬೀಗದ ಕೈ ಕಳೆದು ಮೂರು ವರ್ಷವಾಯಿತು, ಚಮಚದ ಹಿಡಿಯಿಂದ ಮೀಟಿ ತೆಗೆಯುತ್ತೇವೆ. ವಾಹನ ವಿಭಾಗ ಮೆಟ್ಟಿಲ ಕೆಳಗೆ. ಕುಟುಂಬ ವಿಭಾಗ ಮುಂಬಾಗಿಲ ಹಿಂದೆ. ಮುಂಬಾಗಿಲು ತೆರೆದಿದ್ದರೆ ಆ ಬೀರು ತೆರೆಯುವುದಿಲ್ಲ. ಹಾಗಾಗಿ ಯಾರದಾದರೂ ವಿಚ್ಛೇದನದ ಫೈಲು ಬೇಕಾದಾಗಲೆಲ್ಲ ಬಾಗಿಲು ಹಾಕಬೇಕು, ಮೆಟ್ಟಿಲು ಹತ್ತಿ ಬಂದ ಕಕ್ಷಿದಾರರು ಕಚೇರಿ ಮುಚ್ಚಿದೆ ಎಂದುಕೊಂಡು ವಾಪಸು ಹೋಗಬೇಕು. ಬೀರು ಸರಿಸಿ ಎಂದು ಹೇಳಿ ಹೇಳಿ ನನ್ನ ಬಾಯಿ ನೋಯುತ್ತದೆ.

‘ನುರಿತ ಸಿಬ್ಬಂದಿ ವರ್ಗ’ ಎಂದೂ ಬರೆದಿದ್ದೇನೆ. ನಾವು ಮೂರು ಜನ. ಮೊದಲನೆಯವರು ನಮ್ಮ ದೊಡ್ಡ ವಕೀಲರು. ಮೂವತ್ತನಾಲ್ಕು ವರ್ಷ ವಕೀಲಿ ಮಾಡಿ ‘ಸದರಿ’ ಎನ್ನದೆ ಒಂದು ವಾಕ್ಯ ಮುಗಿಸುವ ಶಕ್ತಿ ಕಳೆದುಕೊಂಡಿದ್ದಾರೆ. ಮನೆಗೆ ಹೊರಡುವಾಗ ‘ಸದರಿ ಕೊಡೆ ಎಲ್ಲಿ’ ಎಂದು ಹುಡುಕುತ್ತಾರೆ. ಕೋರ್ಟಿನ ಪಡಸಾಲೆಯಲ್ಲಿ ಅವರನ್ನು ಎಲ್ಲರೂ ಸದರಿ ಸಾಹೇಬರು ಎನ್ನುವುದು ಅವರೊಬ್ಬರಿಗೆ ಗೊತ್ತಿಲ್ಲ. ಎರಡನೆಯವನು ಅವರ ಅಳಿಯ, ಕಿರಿಯ ವಕೀಲ. ಇರುವ ಕೆಲಸ ಬಿಟ್ಟು ಇಲ್ಲದ ಕೆಲಸ ಹುಡುಕುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಮೂರನೆಯವಳು ನಾನು. ಟೈಪು ಮಾಡುವುದು, ವಾಯಿದೆಯ ದಿನ ಬರೆದಿಡುವುದು, ಅಳುವವರಿಗೆ ನೀರು ಕೊಡುವುದು, ಮಾವ ಅಳಿಯಂದಿರ ನಡುವೆ ಮಾತು ಬಿಟ್ಟುಹೋದಾಗ ಆ ಕಡೆಯದು ಈ ಕಡೆಗೆ ಹೇಳುವುದು, ಇಷ್ಟೂ ನನ್ನ ಪಾಲಿಗೆ. ಇಪ್ಪತ್ತೆರಡು ವರ್ಷ ಆಯಿತು.

ವೆಬ್‌ಸೈಟು ಅಳಿಯನ ಯೋಚನೆ. ಅದರಲ್ಲಿ ‘ಇತ್ತೀಚಿನ ಕಾನೂನು ಬೆಳವಣಿಗೆಗಳು’ ಎಂಬ ಪುಟವೂ ಇರಬೇಕೆಂದು ಅವನು ಹಠ ಹಿಡಿದ. ಇಟ್ಟೆ. ಎರಡು ವರ್ಷ ಅದರಲ್ಲಿ ಒಂದೇ ಒಂದು ಬೆಳವಣಿಗೆ ಇತ್ತು, ನಮ್ಮ ಫೋನ್ ನಂಬರು ಬದಲಾದದ್ದು. ಆಮೇಲೆ ನಿಜವಾಗಿಯೂ ಒಂದು ಬೆಳವಣಿಗೆ ಆಯಿತು. ಮೇಲಿನ ಕೋರ್ಟಿನಿಂದ ಸುತ್ತೋಲೆ ಬಂತು. ಬರುವ ತಿಂಗಳ ಒಂದನೇ ತಾರೀಖಿನಿಂದ ಕಕ್ಷಿದಾರರು ಸಲ್ಲಿಸುವ ಪ್ರತಿಯೊಂದು ಅಫಿಡವಿಟ್ಟೂ ಅವರವರ ಸ್ವಂತ ಮಾತಿನಲ್ಲೇ, ಅವರು ದಿನವೂ ಆಡುವ ಭಾಷೆಯಲ್ಲೇ ಇರಬೇಕು. ಅದನ್ನು ತೆರೆದ ಕೋರ್ಟಿನಲ್ಲಿ ಗಟ್ಟಿಯಾಗಿ ಓದಿಸಲಾಗುವುದು. ಸುದ್ದಿಯನ್ನು ದಪ್ಪ ಅಕ್ಷರದಲ್ಲಿ ಹಾಕಿ, ಕೆಳಗೆ ‘ಈ ಬದಲಾವಣೆಗೆ ನಮ್ಮ ಕಚೇರಿ ಸಂಪೂರ್ಣ ಸಜ್ಜಾಗಿದೆ’ ಎಂದು ಸೇರಿಸಿದೆ. ಅಳಿಯ ಹೇಳಿದ, ನಾನು ಟೈಪು ಮಾಡಿದೆ.

ಸಜ್ಜಾದ ಬಗೆ ಹೇಳುತ್ತೇನೆ ಕೇಳಿ. ಸದರಿ ಸಾಹೇಬರು ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಕಕ್ಷಿದಾರರು ಅವರ ಮಾತನ್ನು ಅವರೇ ಆಡುವುದಾದರೆ ವಕೀಲರು ಇರುವುದು ಯಾಕೆ ಎಂದು ಗೋಡೆಯನ್ನು ಕೇಳಿದರು. ಮೂರನೆಯ ದಿನ ಅಳಿಯ ಮುಖ ಅರಳಿಸಿಕೊಂಡು ಬಂದ. ಒಂದು ನಮೂನೆ ತಯಾರಿಸಿದ್ದನಂತೆ. ಎಲ್ಲ ಕಕ್ಷಿದಾರರಿಗೂ ಹೊಂದುವಂಥ ಸ್ವಂತ ಮಾತಿನ ನಮೂನೆ. ನಾನು ತಮಾಷೆ ಎಂದುಕೊಂಡು ನಕ್ಕೆ. ಅವನು ನಗಲಿಲ್ಲ. ಮಾವ ಅದನ್ನು ಓದಿ, ನಾಲ್ಕು ತಿಂಗಳಲ್ಲಿ ಮೊದಲ ಸಲ ಅಳಿಯನ ಬೆನ್ನು ತಟ್ಟಿದರು.

‘ನಾನು ಹೆಚ್ಚು ಓದಿದವನಲ್ಲ. ನನಗೆ ತಿಳಿದ ನಾಲ್ಕು ಮಾತು ಹೇಳುತ್ತೇನೆ’ ಎಂದು ಅದು ಶುರುವಾಗುತ್ತಿತ್ತು. ಆಮೇಲೆ ಒಂದು ಖಾಲಿ ಜಾಗ. ಅದನ್ನು ‘ಕಣ್ಣಿನ ರೆಪ್ಪೆಯಂತೆ ಕಾಪಾಡಿಕೊಂಡು ಬಂದಿದ್ದೇನೆ’. ಖಾಲಿ ಜಾಗದಲ್ಲಿ ಹೊಲ, ಮನೆ, ಅಂಗಡಿ, ಗಂಡ, ಏನು ಬೇಕಾದರೂ ತುಂಬಬಹುದು. ಇದು ಅಳಿಯ ಅಲ್ಲ ಮಗಳ ಗಂಡ ಅಂದ ಹಾಗಾಯಿತು, ಹಳೆಯ ನಮೂನೆ ತೆಗೆದು ಹೊಸ ನಮೂನೆ ಮಾಡಿದಿರಿ ಅಷ್ಟೇ ಎಂದೆ. ಅಳಿಯ ಅದನ್ನು ತನ್ನ ಮೇಲಿನ ಚುಚ್ಚುಮಾತು ಎಂದುಕೊಂಡು ಮುಖ ಊದಿಸಿಕೊಂಡ. ಕೋಣನ ಮುಂದೆ ಕಿನ್ನರಿ ಬಾರಿಸಿ ಫಲವೇನು ಎಂದು ಸುಮ್ಮನಾದೆ. ಸುಮ್ಮನಾಗಿದ್ದು ನನ್ನ ತಪ್ಪು. ಆ ನಮೂನೆಯನ್ನು ಟೈಪು ಮಾಡಿದ ಬೆರಳುಗಳೂ ನನ್ನವೇ.

ಮೊದಲು ಅದು ಒಬ್ಬ ಲಾರಿ ಮಾಲೀಕನಿಗೆ ಹೋಯಿತು. ಎರಡನೆಯದು ಹೊಲಿಗೆಯಮ್ಮನಿಗೆ.

ಹೊಲಿಗೆಯಮ್ಮ ಎಂದು ನಾವು ಕರೆಯುವುದು ಶಾಲೆಯ ಹಿಂದಿನ ಬೀದಿಯಲ್ಲಿ ಬಟ್ಟೆ ರಿಪೇರಿ ಮಾಡುವ ಹೆಂಗಸನ್ನು. ಹಳೆಯ ಪ್ಯಾಂಟಿಗೆ ಜಿಪ್ಪು ಹಾಕುವುದು, ಸಮವಸ್ತ್ರ ಉದ್ದ ಮಾಡುವುದು ಅವಳ ಕಸುಬು. ಅವಳ ತಂಗಿ ತೀರಿಕೊಂಡಾಗ ತಂಗಿಯ ಮಗಳಿಗೆ ಒಂದು ವರ್ಷ. ತಂಗಿಯ ಗಂಡ ವೆಲ್ಡರು. ಕೂಸನ್ನು ಇವಳ ಮಡಿಲಿಗೆ ಹಾಕಿ, ಬಂದರಿನಲ್ಲಿ ಹಡಗು ಕಟ್ಟುವ ಕೆಲಸಕ್ಕೆ ಹೋದ. ಮೊದಮೊದಲು ಫೋನ್ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಏಳು ವರ್ಷದ ಮೇಲೆ ಈಗ ಊರಿಗೆ ಬಂದು ಮನೆ ಮಾಡಿದ್ದಾನೆ, ನನ್ನ ಮಗಳನ್ನು ನನಗೆ ಕೊಡಿಸಿ ಎಂದು ಕೇಸು ಹಾಕಿದ್ದಾನೆ. ಹುಡುಗಿಗೆ ಎಂಟು ವರ್ಷ. ಕೇಸು ಮುಗಿಯುವವರೆಗೆ ಅವಳು ಯಾರ ಮನೆಯಲ್ಲಿರಬೇಕು ಎನ್ನುವುದು ಮೊದಲು ತೀರ್ಮಾನವಾಗಬೇಕಿತ್ತು. ನಮ್ಮ ಕೋರ್ಟಿನಲ್ಲಿ ಕೇಸು ಮುಗಿಯುವ ಹೊತ್ತಿಗೆ ಹುಡುಗಿಯ ತಲೆಯಲ್ಲಿ ಬಿಳಿ ಕೂದಲು ಬಂದಿರುತ್ತದೆ. ಈಗ ಎಲ್ಲಿಗೆ ಹೋದರೆ ಅಲ್ಲಿಗೇ.

ಸೋಮವಾರ ಹನ್ನೊಂದಕ್ಕೆ ಹೊಲಿಗೆಯಮ್ಮನ ಅಫಿಡವಿಟ್ಟನ್ನು ಬೆಂಚಿನ ಗುಮಾಸ್ತರು ಓದಲು ನಿಂತರು. ‘ನಾನು ಹೆಚ್ಚು ಓದಿದವನಲ್ಲ’ ಎಂದಾಗಲೇ ಜಡ್ಜಮ್ಮ ಕನ್ನಡಕದ ಮೇಲಿನಿಂದ ನೋಡಿದರು. ನಮ್ಮದು ಒಂದೇ ಕೋರ್ಟು, ಒಬ್ಬರೇ ಜಡ್ಜು. ಲಾರಿಯಿಂದ ಕೂಸಿನವರೆಗೆ ಎಲ್ಲವೂ ಅವರ ಮುಂದೆಯೇ ಬರಬೇಕು. ಅಳಿಯ ಇದನ್ನು ಯೋಚಿಸಿರಲಿಲ್ಲ. ಕಣ್ಣಿನ ರೆಪ್ಪೆ ಬಂತು, ಹೋಯಿತು. ಗುಮಾಸ್ತರು ಮುಂದಕ್ಕೆ ಓದಿದರು: ‘ಈ ಮಗುವನ್ನು ನನ್ನ ಹೊರತು ಬೇರೆ ಯಾರಿಗೂ ಓಡಿಸಲು ಕೊಟ್ಟಿರುವುದಿಲ್ಲ.’

ಇಡೀ ಕೋರ್ಟು ನಕ್ಕಿತು. ಬಾಗಿಲಲ್ಲಿ ನಿಂತಿದ್ದ ಪೊಲೀಸಿನವನೂ ನಕ್ಕ. ಅಳಿಯ ಲಾರಿ ತೆಗೆದು ಮಗು ಹಾಕಿದ್ದನೇ ಹೊರತು ಉಳಿದದ್ದನ್ನು ಓದಿರಲಿಲ್ಲ, ಅವನು ಅದನ್ನು ತಯಾರಿಸಿದ ದಿನ ನಾನು ರಜೆಯಲ್ಲಿದ್ದೆ. ನಗದೆ ಇದ್ದವಳು ಹೊಲಿಗೆಯಮ್ಮ ಒಬ್ಬಳು. ಏನಾಯಿತು ಎಂದು ಒಬ್ಬೊಬ್ಬರ ಮುಖ ನೋಡುತ್ತಿದ್ದಳು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಜಡ್ಜಮ್ಮ ನಗಲೂ ಇಲ್ಲ, ಬೈಯಲೂ ಇಲ್ಲ. ಬುಧವಾರ ಹನ್ನೊಂದು ಗಂಟೆಗೆ ಈ ಹೆಂಗಸಿನ ಮಾತು ನನ್ನ ಮುಂದೆ ಇರಬೇಕು, ಇಲ್ಲದಿದ್ದರೆ ತಂದೆಯ ಕಾಗದಪತ್ರ ನೋಡಿ ಆದೇಶ ಮಾಡುತ್ತೇನೆ ಎಂದು ಮುಂದಿನ ಕೇಸು ಕೂಗಿಸಿದರು.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಬಾ ಎಂದಿದ್ದೆ. ಹೊಲಿಗೆಯಮ್ಮ ಬಂದಾಗ ಹನ್ನೊಂದೂವರೆ. ಮುಂಬಾಗಿಲು ಹಾಕಿ ಕುಟುಂಬ ವಿಭಾಗದ ಪಕ್ಕ ಕುರ್ಚಿ ಕೊಟ್ಟು, ನೋಡಮ್ಮ, ಮಗು ನಿನ್ನ ಹತ್ತಿರ ಹೇಗಿದೆ, ನಿನ್ನ ಮಾತಿನಲ್ಲಿ ಹೇಳು ಎಂದೆ. ಅವಳು ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಶುರು ಮಾಡಿದಳು.

“ಸದರಿ ಅಪ್ರಾಪ್ತ ಮಗುವು ಮೇಲ್ಕಂಡ ವಿಳಾಸದಲ್ಲಿ ಎದುರುದಾರಳಾದ ನನ್ನೊಂದಿಗೆ ವಾಸವಾಗಿದ್ದು...”

ತಲೆ ಚಿಟ್ಟು ಹಿಡಿಯಿತು. ನಾಲ್ಕು ತಿಂಗಳಿಂದ ವಾರಕ್ಕೆರಡು ಸಲ ನಮ್ಮ ಬೆಂಚಿನ ಮೇಲೆ ಕೂತು ಸದರಿ ಸಾಹೇಬರ ಮಾತು ಕೇಳಿ ಕೇಳಿ ಪಾಪದವಳು ಗಿಣಿಪಾಠ ಒಪ್ಪಿಸುವುದನ್ನು ಕಲಿತುಬಿಟ್ಟಿದ್ದಳು. ಹಾಗಲ್ಲಮ್ಮ, ಮನೆಯಲ್ಲಿ ಮಾತಾಡುವ ಹಾಗೆ ಎಂದೆ. ಅರ್ಜಿದಾರರು ಸಕಾರಣವಿಲ್ಲದೆ ಮಗುವನ್ನು ತೊರೆದಿದ್ದು ಎಂದಳು. ನಿನ್ನ ತಂಗಿಯ ಗಂಡನನ್ನು ನೀನು ಅರ್ಜಿದಾರರು ಅಂತ ಕರೆಯುತ್ತೀಯಾ ಎಂದು ಕೇಳಿದೆ. ಮತ್ತೆ ಏನನ್ನಬೇಕು, ಅದೇ ಅಲ್ಲವೇ ಕಾನೂನಿನ ಪ್ರಕಾರ ಎಂದು ನನ್ನನ್ನೇ ಕೇಳಿದಳು. ಒಂದು ಗಂಟೆ ಹೀಗೇ ಹೋಯಿತು. ನಡುವೆ ಸದರಿ ಸಾಹೇಬರು ಒಳಕೋಣೆಯಿಂದ ತಲೆ ಹಾಕಿ, ಸದರಿ ಹೆಂಗಸಿಗೆ ಸಲೀಸಾಗಿ ಮಾತಾಡಲು ಹೇಳಿ ಎಂದು ಹೋದರು. ನಾನು ಪೆನ್ನು ಕೆಳಗಿಟ್ಟೆ. ಇನ್ನು ಕೈಲಾಗದು ಎನಿಸಿ, ಸಿಟ್ಟಿನಲ್ಲೇ, ಅದಿರಲಿ, ಹತ್ತಕ್ಕೆ ಬಾ ಎಂದರೆ ಹನ್ನೊಂದೂವರೆಗೆ ಯಾಕೆ ಬಂದೆ ಎಂದು ಕೇಳಿದೆ.

“ಯಾಕೆ ಅಂತೀರಾ ಅಕ್ಕ? ಅವಳಿಂದ, ಇನ್ಯಾರಿಂದ” ಎಂದಳು. “ಬೆಳಿಗ್ಗೆ ಎದ್ದು ಒಂದು ಕಾಲಿನ ಶೂ ಇಲ್ಲ ಅಂತಾಳೆ. ಒಂದು ಗಂಟೆ ಹುಡುಕ್ದೆ. ಮಂಚದ ಕೆಳಗೆಲ್ಲ ತೂರಿ ನೋಡ್ದೆ. ಎಲ್ಲಿತ್ತು ಗೊತ್ತಾ? ನನ್ನ ಚಿಂದಿ ಮೂಟೆ ಒಳಗೆ. ಅವಳೇ ಬಚ್ಚಿಟ್ಟಿದ್ದು. ಇವತ್ತು ಲೆಕ್ಕದ ಪರೀಕ್ಷೆ, ಏಳರ ಮಗ್ಗಿ ಬರಲ್ಲ. ಆರರದ್ದು ಬರತ್ತೆ, ಎಂಟರದ್ದು ಬರತ್ತೆ, ಒಂಬತ್ತರದ್ದು ನಿದ್ದೇಲಿ ಕೇಳಿದ್ರೂ ಹೇಳ್ತಾಳೆ. ಏಳರದ್ದು ಮಾತ್ರ ಬರಲ್ಲ. ಇದ್ಯಾವ ಸೀಮೆ ಮಗು ಅಂತೀನಿ.”

ನಾನು ಸದ್ದಿಲ್ಲದೆ ಪೆನ್ನು ತೆಗೆದುಕೊಂಡೆ.

ಹೊಲಿಗೆಯಮ್ಮ ನಿಲ್ಲಲಿಲ್ಲ. ಹುಡುಗಿ ತಲೆ ಬಾಚಿಸಿಕೊಳ್ಳುವುದಿಲ್ಲ, ಬಾಚಣಿಗೆ ಕಂಡರೆ ಪಕ್ಕದ ಮನೆಗೆ ಓಡುತ್ತಾಳೆ. ಹಾಲು ಕುಡಿದೆ ಎಂದು ಬೆಕ್ಕಿಗೆ ಹಾಕುತ್ತಾಳೆ. ಬೆಕ್ಕು ಉಬ್ಬಿದೆ, ಹುಡುಗಿ ಕಡ್ಡಿಯ ಹಾಗಿದ್ದಾಳೆ. ಹೀಗೆ ಉದ್ದ ಆಗುತ್ತಾಳೆ ಎಂದರೆ ಮೂರು ತಿಂಗಳಿಗೊಂದು ಸಲ ಲಂಗದ ಅಂಚು ಬಿಚ್ಚಿ ಇಳಿಸಬೇಕು, ಬಿಚ್ಚಲು ಇನ್ನು ಬಟ್ಟೆ ಉಳಿದಿಲ್ಲ. ಜ್ವರ ಬಂದರೆ ಇವಳ ಕಿವಿ ಹಿಡಿದುಕೊಂಡೇ ಮಲಗಬೇಕು, ಇವಳು ಪಕ್ಕ ಹೊರಳುವ ಹಾಗಿಲ್ಲ. ಮೊನ್ನೆ ಮೊನ್ನೆ, ಗಿರಾಕಿಯ ಕೋಟಿನ ಗುಂಡಿಯೆಲ್ಲ ಕತ್ತರಿಸಿ ಗೊಂಬೆಗೆ ಕಣ್ಣು ಮಾಡಿದಳು. ಅಲ್ಲಿಗೆ ಬಂದಾಗ ಅವಳ ದನಿ ತಗ್ಗಿತು.

“ಅವತ್ತು ಒಂದು ಏಟು ಹಾಕ್ದೆ ಅಕ್ಕ. ಬೆನ್ನ ಮೇಲೆ. ನೀನೇನು ನಮ್ಮಮ್ಮನಾ ಹೊಡೆಯಕ್ಕೆ ಅಂದ್ಲು. ಅಲ್ಲ ಕಣೇ, ನಾನು ನಿಮ್ಮಮ್ಮ ಅಲ್ಲ ಅಂದೆ. ಅವತ್ತು ನಮ್ಮಿಬ್ಬರದೂ ಊಟ ಇಲ್ಲ.”

ಎಲ್ಲವನ್ನೂ ಹಾಗೆ ಹಾಗೇ ಟೈಪು ಮಾಡಿದೆ. ಬೆಕ್ಕನ್ನೂ ಬಿಡಲಿಲ್ಲ, ಏಟನ್ನೂ ಬಿಡಲಿಲ್ಲ. ಸದರಿ ಸಾಹೇಬರು ಓದಿ ಬೆವರು ಒರೆಸಿಕೊಂಡರು. ಇದು ಮಗುವಿನ ಪರವಾದ ಅಫಿಡವಿಟ್ಟೋ ಮಗುವಿನ ಮೇಲಿನ ದೂರೋ ಎಂದರು. ಏಟು ತೆಗೆಯಬೇಕು, ಅಮ್ಮ ಅಲ್ಲ ಎಂದ ಮಾತಂತೂ ತೆಗೆಯಲೇಬೇಕು, ಎದುರಿನ ವಕೀಲರು ಅದೊಂದನ್ನು ಹಿಡಿದುಕೊಂಡೇ ಕೇಸು ಗೆಲ್ಲುತ್ತಾರೆ. ಅಳಿಯ ಕಣ್ಣಿನ ರೆಪ್ಪೆಯನ್ನು ಎಲ್ಲಾದರೂ ಒಂದು ಕಡೆ ಸೇರಿಸಬಹುದಲ್ಲ ಎಂದ. ಇಪ್ಪತ್ತೆರಡು ವರ್ಷದಲ್ಲಿ ನಾನು ಕಚೇರಿಯಲ್ಲಿ ದನಿ ಎತ್ತಿದ್ದು ಅದೇ ಮೊದಲು. ಒಂದು ಅಕ್ಷರ ಬದಲಾದರೂ ನಾನು ಟೈಪು ಮಾಡುವುದಿಲ್ಲ, ನೀವೇ ಕೂತು ಮಾಡಿಕೊಳ್ಳಿ ಎಂದೆ. ಮಾವನಿಗೆ ಟೈಪು ಬರುವುದಿಲ್ಲ, ಅಳಿಯ ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತುತ್ತಾನೆ. ಹಾಳೆ ನನ್ನ ಮೇಜಿಗೇ ವಾಪಸು ಬಂತು.

ಹೊಲಿಗೆಯಮ್ಮ ಹಾಳೆಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಓದಿದಳು. “ಎಲ್ಲಾ ನಿಜಾನೇ” ಎಂದಳು. “ಆದ್ರೆ ಅಕ್ಕ, ಇದನ್ನ ಕೇಳಿದ್ಮೇಲೆ ಮಗೂನ ನನ್ನ ಹತ್ರ ಬಿಡ್ತಾರಾ?”

ಆಗ ನನಗೆ ಹೆದರಿಕೆಯಾಯಿತು. ಆ ಇಬ್ಬರ ಮೇಲಿನ ನನ್ನ ಸಿಟ್ಟಿಗೆ ಯಾರದೋ ಮಗುವನ್ನು ಪಣಕ್ಕಿಟ್ಟೆನೇನೋ ಎನಿಸಿತು. ಬೇಕಾದರೆ ಏಟಿನ ಮಾತು ತೆಗೆಯುತ್ತೇನೆ ಎಂದು ಬಾಯಿಯವರೆಗೆ ಬಂತು. ಅಷ್ಟರಲ್ಲಿ ಅವಳು ಶಾಲೆ ಬಿಡುವ ಹೊತ್ತಾಯಿತು ಎಂದು ಸಹಿ ಹಾಕಿ, ಚೀಲ ಎತ್ತಿಕೊಂಡು ಇಳಿದುಹೋದಳು.

ಬುಧವಾರ ಕೋರ್ಟು ತುಂಬಿತ್ತು. ಮಗುವನ್ನು ಓಡಿಸಲು ಕೊಡದ ಹೆಂಗಸಿನ ಕೇಸು ಎಂದು ಸುದ್ದಿ ಹಬ್ಬಿ, ಕೆಲಸವಿಲ್ಲದವರೂ ಬಂದು ಕೂತಿದ್ದರು. ವೆಲ್ಡರು ಎರಡನೆಯ ಬೆಂಚಿನಲ್ಲಿದ್ದ. ಕೆಟ್ಟವನಂತೆ ಕಾಣಲಿಲ್ಲ, ಅದೂ ನನಗೆ ಕಿರಿಕಿರಿಯಾಯಿತು. ಕೈ ತುಂಬ ಕಿಡಿ ಸಿಡಿದ ಕಲೆ, ಇಸ್ತ್ರಿ ಮಾಡಿದ ಅಂಗಿ. ಗುಮಾಸ್ತರು ಓದತೊಡಗಿದರು. ಏಳರ ಮಗ್ಗಿ ಬಂದಾಗ ಜನ ನಕ್ಕರು, ಬೆಕ್ಕು ಬಂದಾಗ ಇನ್ನೂ ಜೋರಾಗಿ ನಕ್ಕರು. ಜ್ವರದ ಮಾತು ಬರುವ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ವೆಲ್ಡರು ಮುಂದಕ್ಕೆ ಬಾಗಿ, ಒಂದು ಮಾತೂ ತಪ್ಪಿಹೋಗಬಾರದು ಎನ್ನುವಂತೆ ಕೇಳುತ್ತಿದ್ದ. ಅವನಿಗೆ ಇದೆಲ್ಲ ಹೊಸ ಸುದ್ದಿ.

ಓದು ಮುಗಿದ ಕೂಡಲೇ ಎದುರಿನ ವಕೀಲರು ಎದ್ದರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವರು. ಎದುರುದಾರಳ ಪ್ರಾಮಾಣಿಕತೆಗೆ ತಲೆಬಾಗುತ್ತೇನೆ ಎಂದು ಶುರು ಮಾಡಿ, ಹೊಡೆದದ್ದನ್ನು ಇವರೇ ಒಪ್ಪಿದ್ದಾರೆ, ತಾನು ತಾಯಿಯಲ್ಲ ಎಂದು ಆ ಎಳೆಯ ಮಗುವಿನ ಮುಖಕ್ಕೇ ಹೇಳಿದ್ದಾರೆ, ತಾಯಿಯಾಗಲು ಮನಸ್ಸಿಲ್ಲದವರ ಹತ್ತಿರ ಮಗು ಯಾಕಿರಬೇಕು, ಹೆತ್ತ ತಂದೆ ಇಲ್ಲೇ ಕೈ ಚಾಚಿ ಕೂತಿದ್ದಾರೆ ಎಂದು ಮುಗಿಸಿದರು. ಸದರಿ ಸಾಹೇಬರು ಹೇಳಿದ್ದು ಹೇಳಿದ ಹಾಗೇ ಆಗಿತ್ತು. ಸಾಹೇಬರು ಉತ್ತರ ಕೊಡಲು ಎದ್ದು ‘ಸದರಿ’ ಎಂದರು. ಜಡ್ಜಮ್ಮ ಕೈ ಎತ್ತಿ ಅವರನ್ನು ಕೂರಿಸಿದರು. ಆಮೇಲೆ ಹೊಲಿಗೆಯಮ್ಮನನ್ನು ಮುಂದೆ ಕರೆದು, ಹಾಗೆ ಯಾಕೆ ಹೇಳಿದಿರಿ ಎಂದು ಕೇಳಿದರು.

ಇವಳು ಈಗ ಗಿಣಿಪಾಠ ಶುರು ಮಾಡುತ್ತಾಳೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

“ಅಲ್ಲ ಅಂತ ಹೇಳ್ದೇ ಇನ್ನೇನು ಹೇಳ್ಲಿ ಮೇಡಂ” ಎಂದಳು. ದನಿಯಲ್ಲಿ ಸಿಡುಕಿತ್ತು. “ಮೂರು ವರ್ಷ ಇದ್ದಾಗ ಒಂದು ಸಲ ನನ್ನನ್ನೇ ಅಮ್ಮ ಅಂದ್ಲು. ದೊಡ್ಡಮ್ಮ ಅನ್ನು ಅಂತ ತಿದ್ದಿದೆ. ಅಮ್ಮ ಅನ್ನೋ ಹೆಸರು ನನ್ನ ತಂಗೀದು. ಅವಳ ಕೈಯಿಂದ ಮಗು ಹೋಯ್ತು, ಮನೆ ಹೋಯ್ತು, ಅವಳದು ಅಂತ ಈ ಭೂಮಿ ಮೇಲೆ ಉಳಿದಿರೋದು ಅದೊಂದೇ. ಅದನ್ನೂ ನಾನೇ ಎತ್ಕೊಂಡ್ರೆ ಅವಳಿಗೆ ಏನು ಉಳೀತು?”

ಜಡ್ಜಮ್ಮ ಬಹಳ ಹೊತ್ತು ಕಾಗದದ ಮೇಲೆ ಬರೆದರು. ಕೇಸು ತೀರ್ಮಾನವಾಗುವವರೆಗೆ ಮಗು ದೊಡ್ಡಮ್ಮನ ಹತ್ತಿರವೇ ಇರಬೇಕು. ತಂದೆ ಪ್ರತಿ ಭಾನುವಾರ ಹನ್ನೊಂದರಿಂದ ಐದರವರೆಗೆ ಮಗುವನ್ನು ಕರೆದುಕೊಂಡು ಹೋಗಬಹುದು. ಮುಂದಿನ ಕೇಸು ಕೂಗಿದರು. ಹೊಲಿಗೆಯಮ್ಮನಿಗೆ ಗೆದ್ದದ್ದು ತಿಳಿಯಲಿಲ್ಲ, ನಾನು ತೋಳು ಹಿಡಿದು ಪಡಸಾಲೆಗೆ ಕರೆತಂದು ಹೇಳಿದೆ. ಅವಳು ಗೋಡೆಗೆ ಒರಗಿ ನಿಂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಳಿಯ ಬಂದು ಇದನ್ನು ವೆಬ್‌ಸೈಟಿಗೆ ಹಾಕೋಣ ಎಂದ, ನಾನು ಅವನ ಕಡೆ ನೋಡಿದ ನೋಟಕ್ಕೆ ಹಾಗೇ ಹಿಂದೆ ಹೋದ.

ಸ್ವಲ್ಪ ಹೊತ್ತಿಗೆ ವೆಲ್ಡರು ತನ್ನ ವಕೀಲರನ್ನು ಬಿಟ್ಟು ಒಬ್ಬನೇ ಬಂದ. ಎರಡು ಹೆಜ್ಜೆ ದೂರದಲ್ಲಿ ನಿಂತು, ಭಾನುವಾರ ಬರುವಾಗ ಅವಳಿಗೆ ಏನು ತರಲಿ ಅತ್ತಿಗೆ ಎಂದು ಕೇಳಿದ.

“ಏನೂ ತರಬೇಡ” ಎಂದಳು ಹೊಲಿಗೆಯಮ್ಮ. “ಹನ್ನೊಂದು ಅಂದ್ರೆ ಹನ್ನೊಂದಕ್ಕೆ ಬಾ. ಅವಳು ಏಳಕ್ಕೇ ಎದ್ದು ಬಾಗಿಲಲ್ಲಿ ಕೂತಿರ್ತಾಳೆ. ಆವತ್ತು ಬರ್ತೀನಿ ಅಂತ ಫೋನ್ ಮಾಡಿದ್ಯಲ್ಲ, ಅವಳಿಗೆ ನಾಲ್ಕು ತುಂಬಿದ ದಿನ. ಹೊಸ ಬಟ್ಟೆ ಹಾಕ್ಕೊಂಡು ಕತ್ತಲಾಗೋವರೆಗೂ ಕೂತಿದ್ಲು. ಒಳಗೆ ಬಾ ಅಂದ್ರೆ ಬರಲಿಲ್ಲ. ಇನ್ನೊಂದು ಸಲ ಅದನ್ನ ನೋಡಕ್ಕೆ ನನ್ನ ಕೈಲಾಗಲ್ಲ.”

ವೆಲ್ಡರು ಆಯ್ತು ಎಂದು ಮೆಟ್ಟಿಲಿಳಿದು ಹೋದ.

ನನಗೆ ಮೈಯೆಲ್ಲ ಉರಿಯಿತು. ನಿನ್ನೆ ಒಂದು ಗಂಟೆ ಇವಳ ಬಾಯಿ ಬಿಡಿಸಲು ತಿಣುಕಿದ್ದೇನೆ. ರಾತ್ರಿಯೆಲ್ಲ ಆ ಏಟಿನ ಮಾತು ನೆನೆದು ನಿದ್ದೆಗೆಟ್ಟಿದ್ದೇನೆ. ಅಷ್ಟು ಹೊತ್ತೂ ಇವಳ ಹೊಟ್ಟೆಯಲ್ಲಿ ಇದು ಇತ್ತು. ಈ ಮಾತೊಂದನ್ನು ಬರೆಸಿದ್ದರೆ ಎದುರಿನವರು ಬಾಯಿ ತೆರೆಯುತ್ತಲೇ ಇರಲಿಲ್ಲ, ನಾವು ಹೆದರಿ ಸಾಯಬೇಕಾಗಿರಲಿಲ್ಲ, ಇದನ್ನು ಯಾಕೆ ಹೇಳಲಿಲ್ಲ ಎಂದು ಅವಳನ್ನು ಗದರಿಸಿಯೇ ಕೇಳಿದೆ.

ಅವಳು ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು.

“ಅಷ್ಟು ಜನರ ಮುಂದೆ ಹೇಗೆ ಹೇಳ್ಲಿ ಅಕ್ಕ? ಎಷ್ಟಾದ್ರೂ ಅವನು ಅವಳಪ್ಪ ಅಲ್ವಾ.”